ಸೂಜಿ ಪದ ಕಟ್ಟೋಕೆ ಹೋಗಿ ಎರಡು ಸಲ ಎಡವಿದ್ದು

ಕೊರೊನಾ ಲಸಿಕೆಗೆ ನಮ್ಮ ಕಡೆ ಸೂಜಿ ಅಂತಾರೆ, ಹಾಡಿಗೆ ಪದ ಅಂತಾರೆ. ಸೂಜಿ ಮಾಡಿಸಿಕೊಳ್ಳಿ ಅಂತ ನಾನು ಬರೆದ ಪದ ನಮ್ಮೂರಲ್ಲಿ ಮೂರೇ ದಿನಕ್ಕೆ ಹಿಟ್ ಆಯ್ತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

2021ರ ಮೇ ಕೊನೆಯ ವಾರ. ಲಾಕ್‌ಡೌನ್. ಶಾಲೆ ಇಲ್ಲ, ಹುಡುಗರಿಗೆ ಹೊತ್ತು ಹೋಗೋದಿಲ್ಲ. ಪಂಚಾಯ್ತಿಯ ಕಸದ ಆಟೋದಲ್ಲಿ ಮೈಕು ಕಟ್ಟಿ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನಮ್ಮ ಪದ ಹಾಕ್ತಿದ್ದರು. ನಾಲ್ಕನೇ ದಿನ ನಮ್ಮ ಮನೆ ಮುಂದೆ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯರು ಅದನ್ನೇ ಹಾಡುತ್ತಾ ಒಂದೊಂದು ಮನೆ ಹಾರುತ್ತಿದ್ದರು. ಖುಷಿಯಿಂದ ಬಾಗಿಲಲ್ಲಿ ನಿಂತು ಕೇಳಿದೆ. ಅವರು ಹಾಡ್ತಿದ್ದದ್ದು ಇಷ್ಟೇ:

ಸೂಜಿ ಮಾಡಿಸ್ಕೊಂಡ್ರ ಸಾಯ್ತಾರಂತ ತಂಗೀ...
ಸೂಜಿ ಮಾಡಿಸ್ಕೊಂಡ್ರ ಸಾಯ್ತಾರಂತ ತಂಗೀ...

ಅದರ ಮುಂದಿನ ಸಾಲು, ‘ಸುಳ್ಳ ಸುದ್ದಿ ನಂಬಬ್ಯಾಡ ನೀ’ ಅನ್ನೋದು, ಯಾರ ಬಾಯಲ್ಲೂ ಇಲ್ಲ. ಮೊದಲ ಸಾಲಿಗೆ ಧಾಟಿ ಚೆನ್ನಾಗಿ ಕೂತಿತ್ತು. ಎರಡನೇ ಸಾಲನ್ನು ನಾನೇ ಒತ್ತಿ ತುರುಕಿದ್ದೆ. ಮಕ್ಕಳು ಅದನ್ನು ಸಲೀಸಾಗಿ ಬಿಟ್ಟುಬಿಟ್ಟಿದ್ದರು. ವಾಟ್ಸಾಪಿನಲ್ಲಿ ಅರ್ಧ ಊರಿಗಷ್ಟೇ ತಲುಪಿದ್ದ ಸುಳ್ಳು, ಮೊಬೈಲೇ ಇಲ್ಲದ ಮನೆಗಳಿಗೂ ಪೇಟಿ ತಬಲಾ ಸಮೇತ ನನ್ನ ಕೈಯಿಂದಲೇ ಮುಟ್ಟಿತ್ತು.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಮ್ಮೂರು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕು. ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಅಮಾವಾಸ್ಯೆ ಹುಣ್ಣಿಮೆಗೆ ಗುಡಿಯಲ್ಲಿ ಭಜನೆ ಇದ್ದರೆ ತಬಲಾ ಬಾರಿಸ್ತೀನಿ. ನಮ್ಮ ಚಿಗವ್ವ ಆಶಾ ಕಾರ್ಯಕರ್ತೆ. ಆ ವರ್ಷ ಏಪ್ರಿಲ್‌ನಿಂದ ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ಶುರುವಾಗಿತ್ತು. ಚಿಗವ್ವ ರಿಜಿಸ್ಟರ್ ಹಿಡಿದು ಮನೆ ಮನೆಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬರಂತೂ ನಾಯಿ ಬಿಟ್ಟಿದ್ದರು. ಇಪ್ಪತ್ತು ವರ್ಷ ಒಂದೇ ಓಣಿಯಲ್ಲಿ ಉಪ್ಪು ಸಾಲ ಕೊಟ್ಟು ತಗೊಂಡವರು!

ಸುಳ್ಳುಗಳು ಬಗೆಬಗೆಯವು. ಫ್ರಾನ್ಸಿನ ನೊಬೆಲ್ ಪಡೆದ ವಿಜ್ಞಾನಿ ಲುಕ್ ಮೊಂಟಾನಿಯೆ ‘ಲಸಿಕೆ ಪಡೆದವರೆಲ್ಲ ಎರಡು ವರ್ಷದಲ್ಲಿ ಸಾಯ್ತಾರೆ’ ಅಂದಿದ್ದಾರೆ ಅನ್ನೋ ಮೆಸೇಜು ಆ ವಾರ ನನ್ನ ಫೋನಿಗೇ ಆರೇಳು ಸಲ ಬಂತು. ಆ ಮನುಷ್ಯ ಲಸಿಕೆ ಬಗ್ಗೆ ತಕರಾರು ಎತ್ತಿದ್ದು ನಿಜ, ಆದರೆ ಎರಡು ವರ್ಷದಲ್ಲಿ ಸಾಯ್ತಾರೆ ಅಂತ ಹೇಳಿರಲಿಲ್ಲ. ಮುಟ್ಟಿನ ಐದು ದಿನ ಮೊದಲು, ಐದು ದಿನ ಆಮೇಲೆ ಹೆಂಗಸರು ಸೂಜಿ ಮಾಡಿಸಿಕೊಳ್ಳಬಾರದು ಅಂತ ಇನ್ನೊಂದು. ಮಕ್ಕಳಾಗೋದಿಲ್ಲ ಅಂತ ಮತ್ತೊಂದು. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಸಾಕು, ರೋಗ ಹತ್ತಿರ ಬರೋದಿಲ್ಲ ಅಂತ ಒಂದು. ಇಂಥ ಸುಳ್ಳಿನ ಹಾವಳಿಗೆ ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲೇ ‘ಇನ್ಫೊಡೆಮಿಕ್’ ಅಂತ ಕರೆದಿದ್ದರಂತೆ. ನಮ್ಮೂರಲ್ಲಿ ಅದಕ್ಕೆ ‘ಕಟ್ಟಿ ಮ್ಯಾಲಿನ ಸುದ್ದಿ’ ಅಂತಾರೆ.

ಸುಮ್ನೆ ಜನ ದಡ್ಡರು ಅಂದರೆ ತಪ್ಪಾಗುತ್ತೆ. ಏಪ್ರಿಲ್ ಮೇನಲ್ಲಿ ರೋಗವೂ ಜೋರು, ಲಸಿಕೆಯೂ ಅದೇ ಹೊತ್ತಿಗೆ. ಮೈಯಲ್ಲಿ ಆಗಲೇ ರೋಗ ಹೊಕ್ಕಿದ್ದವರು ಗೊತ್ತಿಲ್ಲದೆ ಹೋಗಿ ಸೂಜಿ ಮಾಡಿಸಿಕೊಂಡರು. ಸೂಜಿ ಮಾಡಿಸಿಕೊಂಡ ದಿನವೇ ರಕ್ಷಣೆ ಬರೋದಿಲ್ಲ, ಎರಡು ಮೂರು ವಾರ ಬೇಕು. ಅಷ್ಟರೊಳಗೆ ಕೆಲವರು ಹೋಗಿಬಿಟ್ಟರು. ನೋಡಿದವರ ಕಣ್ಣಿಗೆ ಕಂಡದ್ದು ಇಷ್ಟು: ಸೋಮವಾರ ಸೂಜಿ, ಮುಂದಿನ ಸೋಮವಾರ ಹೆಣ. ಕಣ್ಣಾರೆ ಕಂಡದ್ದನ್ನು ಪಾಂಪ್ಲೆಟ್ ಕೊಟ್ಟು ಅಳಿಸೋಕಾಗುತ್ತಾ?

ಹಾಡಿನ ಐಡಿಯಾ ಚಿಗವ್ವನದೇ. ತೊಂಬತ್ತರ ದಶಕದ ಶುರುವಿನಲ್ಲಿ, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗೇ ಇದ್ದಾಗ, ಸಾಕ್ಷರತಾ ಆಂದೋಲನದ ಕಲಾಜಾಥಾದಲ್ಲಿ ಅವಳು ಹಾಡಿದ್ದಳು. ‘ಓದಾಕ ಬಾ ಅಂದ್ರ ಯಾರೂ ಬರ್ತಿದ್ದಿಲ್ಲೋ. ಹಲಗಿ ಬಡದ್ರ ಊರs ಬರ್ತಿತ್ತು’ ಅಂದಳು. ನಾನು ಆ ರಾತ್ರಿಯೇ ಪದ ಬರೆದೆ. ನಮ್ಮ ಭಜನೆ ಮೇಳದ ಹಿರಿಯ, ಊರೆಲ್ಲ ತಾತ ಅಂತ ಕರೆಯೋರು, ಹಾಡಿದರು. ಗುಂಪು ಸೇರೋಹಾಗಿಲ್ಲ, ಹಾಗಾಗಿ ನನ್ನ ಅಂಗಡಿಯ ಶಟರ್ ಅರ್ಧ ಇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ವಿ. ಆಮೇಲೆ ಆದದ್ದನ್ನು ಮೇಲೆ ಹೇಳಿದ್ದೇನೆ.

ಕುಂಟಾಬಿಲ್ಲೆ ಸಂಗತಿ ಹೇಳಿದಾಗ ಚಿಗವ್ವ ನನ್ನನ್ನು ಬಿಟ್ಟಳು ಅಂದುಕೊಂಡಿರಾ? ‘ನಾ ಒಂದ ಮನಿ ಬಾಗಲಾ ತಗಸಾಕ ಹೋದ್ರ ನೀ ಹತ್ತ ಮನಿ ಬಾಗಲಾ ಹಾಕಿಸಿದೆಲ್ಲೋ’ ಅಂತ ಬೈದಳು. ಮರುದಿನವೇ ಆಟೋದಿಂದ ಪದ ತೆಗೆಸಿದ್ವಿ.

ನಾನು ಅಷ್ಟಕ್ಕೇ ಬುದ್ಧಿ ಕಲಿಯಲಿಲ್ಲ. ಎರಡನೇ ಪದ ಬರೆದೆ, ಈ ಸಲ ಸುಳ್ಳಿನ ಮಾತೇ ಎತ್ತಲಿಲ್ಲ. ಬದಲಿಗೆ ಹೆದರಿಸಿದೆ. ‘ಗುಣಿ ಸಾಲದಾಯಿತು, ಕಟಗಿ ಸಾಲದಾಯಿತು’ ಅಂತ ಶುರು. ತಾತ ಅದನ್ನು ದುಃಖದ ಧಾಟಿಗೆ ಎತ್ತಿಕೊಂಡರೆ ನನಗೇ ಮೈ ಜುಮ್ ಅಂತಿತ್ತು. ಆಟೋ ಮೊದಲ ಸುತ್ತು ಮುಗಿಸಿ ಬರೋಷ್ಟರಲ್ಲಿ ಮೂರು ಕಡೆ ಜಗಳ. ಗಂಡನನ್ನು ಕಳೆದುಕೊಂಡು ಹದಿನೈದು ದಿನವೂ ಆಗಿರದ ಒಬ್ಬ ಅಮ್ಮ ಬೀದಿಗೆ ಬಂದು ಆಟೋದ ಮುಂದೆ ಕೂತುಬಿಟ್ಟರು. ಬೈಲಿಲ್ಲ, ಅಳಲಿಲ್ಲ, ಸುಮ್ಮನೆ ಕೂತರು. ಡ್ರೈವರ್ ಮೈಕು ಬಂದ್ ಮಾಡಿ ವಾಪಸ್ ತಂದ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಹೆದರಿದವರು ಆಸ್ಪತ್ರೆಗೆ ಹೋಗ್ತಾರೆ ಅನ್ನೋದು ನನ್ನ ಲೆಕ್ಕ ಆಗಿತ್ತು. ಆಮೇಲೆ ಓದಿದೆ, 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂದಾಗಲೂ ಹೀಗೇ ಆಗಿತ್ತು. ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ ಈ ಮೂರು ದೇಶಗಳಲ್ಲಿ ಸೇರಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸತ್ತ ರೋಗ ಅದು. ಶುರುವಿನಲ್ಲಿ ‘ಎಬೋಲಾ ಕೊಲ್ಲುತ್ತೆ, ಇದಕ್ಕೆ ಮದ್ದಿಲ್ಲ’ ಅಂತ ಸಾರಿದ್ದರು. ಜನ ಯೋಚಿಸಿದ್ದು ಸರಿಯಾಗಿಯೇ ಇತ್ತು: ಮದ್ದೇ ಇಲ್ಲ ಅಂದಮೇಲೆ ಆಸ್ಪತ್ರೆಗೆ ಯಾಕೆ, ಸಾಯೋದಿದ್ದರೆ ಮನೆಯಲ್ಲೇ ಸಾಯ್ತೀನಿ. ಆಮೇಲೆ ಅಲ್ಲಿನ ರೇಡಿಯೋಗಳಲ್ಲಿ ಬಂದ ಹಾಡುಗಳು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಅಂತ ಹೇಳತೊಡಗಿದವು. ಮುಂಚೆಯೇ ಓದಿದ್ದರೆ ಆ ಅಮ್ಮ ಬೀದಿಗೆ ಬಂದು ಕೂರೋದು ತಪ್ಪುತ್ತಿತ್ತೇನೋ.

ಮೂರನೆಯದಕ್ಕೆ ತಾತ ಒಂದು ಷರತ್ತು ಹಾಕಿದರು. ‘ತಮ್ಮಾ, ನೀ ಪದ ಬರಿಯೂದ ಬಿಟ್ಟು ಒಂದ ವಾರ ಚಿಗವ್ವನ ಹಿಂದ ತಿರಗು. ಜನಾ ಏನಂತಾರ ಕಿವಿಗೊಟ್ಟು ಕೇಳು. ಆಮ್ಯಾಲ ಬಾ.’

ತಿರುಗಿದೆ. ಮಾಸ್ಕು, ಕೈಯಲ್ಲಿ ಸ್ಯಾನಿಟೈಸರ್, ಬಿಸಿಲು ನಲವತ್ತು ದಾಟಿದೆ. ಮೊದಲ ಎರಡು ದಿನ ಎಲ್ಲರೂ ಅದೇ ಎರಡು ವರ್ಷದ ಕಥೆ ಹೇಳಿದರು. ಮೂರನೇ ದಿನ ಚಿಗವ್ವ ಒಂದು ಕೆಲಸ ಮಾಡಿದಳು. ‘ಮಾಡಿಸ್ಕೊರಿ’ ಅನ್ನೋದನ್ನೇ ಬಿಟ್ಟಳು. ಕಟ್ಟೆ ಮೇಲೆ ಕೂತು ‘ಯಾಕ ಬ್ಯಾಡ ಯಕ್ಕಾ, ಹೇಳರಲಾ’ ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂತಳು. ಆಗ ಹೊರಗೆ ಬಂತು ನೋಡಿ ಒಂದೊಂದೇ.

ಸೂಜಿ ಮಾಡಿಸಿಕೊಂಡರೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುತ್ತೆ. ಅದು ಸುಳ್ಳಲ್ಲ, ಬಹಳ ಜನಕ್ಕೆ ಬರ್ತಿತ್ತು. ಜ್ವರ ಬಂದರೆ ಕೂಲಿ ಹೋಯ್ತು. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 289 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಎರಡು ದಿನ ಮಲಗಿದರೆ ಸಾವಿರದ ಮೇಲೆ ಹೋಯ್ತು. ಮೇಲೆ ಮುಂಗಾರು ತಲೆ ಮೇಲೆ ಬಂದಿದೆ, ಹೆಸರು ಬಿತ್ತಬೇಕು, ಸಜ್ಜೆಗೆ ಹೊಲ ಹದ ಮಾಡಬೇಕು. ಅಂಥ ಹೊತ್ತಲ್ಲಿ ಮನೆಯ ಗಂಡಾಳು ಮಲಗಿದರೆ? ಇದನ್ನು ಬಾಯಿಬಿಟ್ಟು ಹೇಳೋಕೆ ಜನಕ್ಕೆ ನಾಚಿಕೆ. ‘ಸಾಯ್ತಾರಂತ’ ಅನ್ನೋದು ಹೇಳೋಕೆ ಸಸಾರ. ಇನ್ನು ಗಂಡಸರ ದೊಡ್ಡ ಚಿಂತೆ ಬೇರೆಯೇ ಇತ್ತು. ಸೂಜಿ ಆದಮೇಲೆ ನಲವತ್ತೈದು ದಿನ ಕುಡಿಯೋಹಾಗಿಲ್ಲವಂತೆ! ಕುಡಿತ ಲಸಿಕೆಯ ಕೆಲಸ ಕೆಡಿಸುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಕೇಂದ್ರ ಆರೋಗ್ಯ ಇಲಾಖೆಯವರೇ ಹೇಳಿದ್ದರು. ಆದರೆ ಇದನ್ನು ಪದದಲ್ಲಿ ಹಾಕೋದು ಬೇಡ ಅಂತ ಚಿಗವ್ವ ಖಡಕ್ಕಾಗಿ ಹೇಳಿದಳು. ‘ಅದನ್ನ ಮೈಕಿನ್ಯಾಗ ಹಾಡಿದ್ರ ಹೆಂಗಸರು ನನ್ನ ಜುಟ್ಟಾ ಹಿಡಿತಾರ. ಗಂಡಸರ ಕಿವ್ಯಾಗ ನಾನs ಹೇಳ್ತೀನಿ.’ ಹೇಳಿದಳು ಕೂಡ.

ಈಗ ಬರೆಯೋಕೆ ಕೂತಾಗ ಕಷ್ಟ ಗೊತ್ತಾಯ್ತು. ನಾನು ‘ಲಸಿಕೆ’ ಅಂತ ಬರೆದಿದ್ದ ಕಡೆಯೆಲ್ಲ ತಾತ ‘ಸೂಜಿ’ ಮಾಡಿದರು. ‘ಸೋಂಕು’ ಹೋಯ್ತು, ‘ರೋಗನಿರೋಧಕ ಶಕ್ತಿ’ ಹೋಯ್ತು. ಒಂದು ನುಡಿಯಲ್ಲಿ, ಅಂದರೆ ಒಂದು ಚರಣದಲ್ಲಿ, ಒಂದೇ ಮಾತು ಇರಬೇಕು ಅಂದರು. ಪಲ್ಲವನ್ನು, ಅಂದರೆ ಮತ್ತೆ ಮತ್ತೆ ಹಾಡೋ ಸಾಲನ್ನು, ಅರ್ಧಕ್ಕೆ ಕಡಿದರೂ ಉಳಿದ ಅರ್ಧ ನಿಜವಾಗಿಯೇ ಇರಬೇಕು ಅಂದರು. ಈ ಕೊನೆಯ ಮಾತನ್ನು ನಾನು ಅಂಗಡಿಯ ಗೋಡೆ ಮೇಲೆ ಬರೆದುಕೊಂಡೆ. ಯಾಕಂದರೆ ಊರು ನೆನಪಿಟ್ಟುಕೊಳ್ಳೋದು ಪಲ್ಲವನ್ನೇ. ಬಳ್ಳಾರಿ ಕಡೆಯ ದರೋಜಿ ಈರಮ್ಮನವರು ರಾತ್ರಿಗಟ್ಟಲೆ ಬುರ್ರಕಥೆ ಹೇಳೋರು. ಅಂಥವರ ತಲೆಯಲ್ಲಿ ಪೂರ್ತಿ ಕಥೆ ಇರುತ್ತೆ. ಕೇಳಿ ಮನೆಗೆ ಹೋದ ನಮ್ಮಂಥವರ ಬಾಯಲ್ಲಿ ಉಳಿಯೋದು ಹಿಮ್ಮೇಳದವರು ಮತ್ತೆ ಮತ್ತೆ ಎತ್ತಿಕೊಂಡ ಆ ಒಂದು ಸಾಲು.

ಕೊನೆಗೆ ಪಲ್ಲ ಹೀಗಾಯ್ತು:

ಒಂದ ದಿನದ ಜ್ವರ ತಮ್ಮಾ, ಎರಡ ದಿನದ ನೋವ
ಮೂರನೇ ದಿನಕ ಹೊಲದಾಗ ನಿಂತು ಕುಂಟಿ ಹೊಡಿತೈತಿ ಜೀವ

ಜ್ವರ ಬರುತ್ತೆ ಅಂತ ನಾವೇ ಹೇಳಿದ್ವಿ. ಆಸ್ಪತ್ರೆಯ ಸಿಸ್ಟರ್ ಒಬ್ಬರು ‘ಅಯ್ಯೋ, ಹಾಗೆ ಹೇಳಿದರೆ ಯಾರು ಬರ್ತಾರೆ’ ಅಂದರು. ತಾತನ ಲೆಕ್ಕ ಬೇರೆ: ಹೇಳದೆ ಇದ್ದರೆ ಜ್ವರ ಬಂದವನು ರಾತ್ರಿಯೇ ‘ನೋಡ್ರಿ, ಸುರು ಆತು’ ಅಂತ ಊರೆಲ್ಲ ಎಬ್ಬಿಸ್ತಾನೆ. ಮೊದಲೇ ಹಾಡಿದ್ದರೆ ‘ಪದದಾಗ ಹೇಳಿದ್ರಲ್ಲ’ ಅಂತ ಪ್ಯಾರಸಿಟಮಾಲ್ ನುಂಗಿ ಮಲಗ್ತಾನೆ.

ಪದವನ್ನು ಡಾಕ್ಟರಿಗೆ ತೋರಿಸಿದ್ವಿ. ಅವರು ಒಂದೇ ಕಡೆ ಪೆನ್ನು ಹಾಕಿದರು. ‘ಸೂಜಿ ಆದ್ರ ರೋಗ ಬರಂಗಿಲ್ಲ’ ಅಂತ ಬರೆದಿದ್ದೆ. ‘ಬರಂಗಿಲ್ಲ ಅನ್ನಬೇಡಿ. ಬರಬಹುದು, ಆದರೆ ಜೋರಾಗೋದು ಕಡಿಮೆ ಅನ್ನಿ’ ಅಂದರು. ಸತ್ಯ ಅನ್ನೋದು ಧಾಟಿಗೆ ಒಗ್ಗೋದಿಲ್ಲ ನೋಡಿ. ಎರಡು ದಿನ ಒದ್ದಾಡಿದೆ. ತಾತ ಬೀಡಿ ಹಚ್ಚಿಕೊಂಡು ಒಂದು ಗಳಿಗೆಯಲ್ಲಿ ಹೇಳಿಬಿಟ್ಟರು:

ಬಂದರೂ ಬಾಗಲದಾಗ ನಿಂದರತೈತಿ, ಒಳಗ ಬರೂದ ಕಡಿಮಿ

ಧಾಟಿಯ ಬಗ್ಗೆಯೂ ಒಂದು ಸಣ್ಣ ಪಂಚಾಯ್ತಿ ಆಯ್ತು. ನಮ್ಮ ಕಡೆ ಮೊಹರಂ ಅಂದರೆ ಅಲಾಯಿ. ಎಲ್ಲ ಜಾತಿಯವರೂ ಸೇರಿ ಹೆಜ್ಜೆ ಹಾಕ್ತಾರೆ. ಆ ಪದಗಳ ಧಾಟಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಕಾಲಿಗೂ ಗೊತ್ತು. ಅದನ್ನೇ ತಗೊಳ್ಳೋಣ ಅಂದೆ. ಹೊಸ ಧಾಟಿ ಕಲಿಸೋಕೆ ಪುರುಸೊತ್ತಿಲ್ಲ. ವಿಯೆಟ್ನಾಮಿನವರೂ 2020ರಲ್ಲಿ ಹೀಗೇ ಮಾಡಿದ್ದರು, ಆಗಲೇ ಜನಪ್ರಿಯವಾಗಿದ್ದ ಪ್ರೇಮಗೀತೆಯೊಂದಕ್ಕೆ ಕೈ ತೊಳೆಯೋ ಮಾತು ಜೋಡಿಸಿದ್ದರು. ಅದು ಜಗತ್ತೆಲ್ಲ ಓಡಾಡಿತ್ತು. ತಾತ ಒಪ್ಪಿದರು, ಆದರೆ ಹಸನ್ ಹುಸೇನರ ಶೋಕದ ಧಾಟಿ ಮುಟ್ಟೋಹಾಗಿಲ್ಲ ಅಂದರು. ಹೆಜ್ಜೆ ಹಾಕೋ ಪದದ ಧಾಟಿ ತಗೊಂಡ್ವಿ. ಮಸೀದಿಯ ಹಿರಿಯರನ್ನೂ ಕೇಳಿದ್ವಿ. ‘ಜೀವ ಉಳಿಸೋ ಪದಕ್ಕ ನಮ್ಮದೇನ ಅಡ್ಡಿ’ ಅಂದರು.

ಹೆಂಗಸರ ನುಡಿಗಳನ್ನು ತಾತ ಹಾಡಲಿಲ್ಲ. ಅವನ್ನು ಚಿಗವ್ವ ಮತ್ತು ಸಂಘದ ಹೆಂಗಸರು ಕಟ್ಟಿದರು. ಮೈಕಿಗೆ ಬರಲಿಲ್ಲ ಅವು. ಹೊಲದ ಕಸ ತೆಗೆಯೋಕೆ ಹೋದಾಗ ಸಾಲಿನಲ್ಲಿ ಕೂತು ಹಾಡಿಕೊಂಡರು. ನನಗೆ ಕೇಳಿಸಿದ್ದು ಒಂದೇ ಸಾಲು, ‘ತಿಂಗಳ ದಿನಾ ಎಣಿಸಬ್ಯಾಡ, ಆಧಾರ ಕಾರ್ಡ ಹಿಡದು ನಡಿಯಕ್ಕ’. ಉಳಿದದ್ದು ನೀ ಕೇಳೋದಲ್ಲ ಅಂದಳು ಚಿಗವ್ವ.

ಕಾರಹುಣ್ಣಿಮೆ ಹೊತ್ತಿಗೆ ಲಾಕ್‌ಡೌನ್ ಸಡಿಲಾಗಿತ್ತು. ಹದಿನೆಂಟು ದಾಟಿದವರಿಗೆಲ್ಲ ಲಸಿಕೆ ಅಂತಲೂ ಆಗಿತ್ತು. ಊರ ಅಗಸಿ ಬಾಗಿಲ ಹತ್ತಿರ ಬಯಲಲ್ಲಿ ದೂರ ದೂರ ಕೂರಿಸಿ ತಾತನ ಕೈಲಿ ಹಾಡಿಸಿದ್ವಿ. ನಾನು ತಬಲಾ, ಒಬ್ಬ ಹುಡುಗ ದಮ್ಮಡಿ. ಮೂರನೇ ನುಡಿಗೆ ಜನ ತಲೆದೂಗುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ.

‘ತಾತಾ, ನೀ ಮಾಡಿಸ್ಕೊಂಡಿಯೇನು?’

ತಾತನ ಕೈಯ ಏಕತಾರಿ ನಿಂತಿತು. ನಾನು ತಾತನ ಮುಖ ನೋಡಿದೆ. ತಾತ ನನ್ನ ಮುಖ ನೋಡಿದರು. ಒಂದು ತಿಂಗಳಿಂದ ಸೂಜಿ ಪದ ಕಟ್ಟಿ, ತಿದ್ದಿ, ಹಾಡಿದ ಮನುಷ್ಯ ಸೂಜಿ ಮಾಡಿಸಿಕೊಂಡಿರಲಿಲ್ಲ! ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರಾದರೂ ಸುಳ್ಳು ಹೇಳಬಹುದಿತ್ತು. ‘ಇಲ್ಲೋ ಯಪ್ಪಾ. ನನಗೂ ಅಂಜಿಕಿ ಐತಿ’ ಅಂದರು. ಬಯಲೆಲ್ಲ ನಗು. ‘ನಾಳೆ ಹೋಗ್ತೀನಿ. ಯಾರ ಬರ್ತೀರಿ ಬರ್ರಿ, ಒಬ್ಬನs ಸಾಯೂದಕ್ಕ ಬ್ಯಾಸರ.’

ಮರುದಿನ ಅವರ ಜೊತೆ ಏಳೆಂಟು ಜನ ಹೋದರು. ಸೂಜಿ ಆದಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸ್ತಿದ್ದರು, ಯಾರಿಗಾದರೂ ತಲೆ ಸುತ್ತಿದರೆ, ಮೈ ತುರಿಸಿದರೆ ನೋಡೋಕೆ. ಆ ಅರ್ಧ ಗಂಟೆಯೂ ತಾತ ಹಾಡಿದರು. ಸಂಜೆಗೆ ಜ್ವರ ಬಂತು. ರಾತ್ರಿ ಗದಗುಟ್ಟಿ ನಡುಗಿದರು. ಊರು ಸರತಿಯಲ್ಲಿ ನೋಡೋಕೆ ಬಂತು, ಮದುಮಗನನ್ನು ನೋಡೋಕೆ ಬಂದಹಾಗೆ. ಮೂರನೇ ದಿನ ತಾತ ನಿಜವಾಗಿಯೂ ಕುಂಟೆ ಹೊಡೆಯೋಕೆ ಹೋದರು. ಅವರಿಗೆ ಆ ವಯಸ್ಸಿಗೆ ಕುಂಟೆ ಹೊಡೆಯೋ ಕೆಲಸವೇ ಇರಲಿಲ್ಲ, ಮಗ ಬೇಡ ಅಂದರೂ ಕೇಳದೆ ಪದ ಸುಳ್ಳಾಗಬಾರದು ಅಂತ ಹೋಗಿದ್ದು. ಆ ವಾರ ಚಿಗವ್ವನ ರಿಜಿಸ್ಟರಿನಲ್ಲಿ ಪುಟ ತಿರುವಬೇಕಾಯ್ತು.

ಅದು ಪದದಿಂದ ಆಯ್ತೋ, ತಾತನ ಜ್ವರದಿಂದ ಆಯ್ತೋ, ಕೇಳಿದರೆ ನಾನು ಜ್ವರ ಅಂತೀನಿ. ಇನ್ನೂ ಒಂದು ಇದೆ, ಹೇಳದಿದ್ದರೆ ಮೋಸ. ಜುಲೈನಲ್ಲಿ ‘ಸೂಜಿ ಮಾಡಿಸ್ಕೊಳ್ಳದಿದ್ರ ರೇಷನ್ ಬಂದ್’ ಅನ್ನೋ ಸುದ್ದಿ ಹಬ್ಬಿತು. ಅದೂ ಕಟ್ಟೆ ಮೇಲಿನ ಸುದ್ದಿಯೇ. ಅದು ಹಬ್ಬಿದ ಎರಡೇ ದಿನಕ್ಕೆ ಶಾಲೆ ಮುಂದೆ ನಿಂತ ಸಾಲು ನಮ್ಮ ಒಂದು ತಿಂಗಳ ಹಾಡಿಗಿಂತ ಉದ್ದ ಇತ್ತು. ಚಿಗವ್ವ ಅದನ್ನು ಅಲ್ಲಗಳೆಯೋಕೂ ಹೋಗಲಿಲ್ಲ, ಹೌದು ಅನ್ನಲೂ ಇಲ್ಲ. ನನಗೆ ಅದು ಇವತ್ತಿಗೂ ಸರಿ ಅನ್ನಿಸಿಲ್ಲ. ಅವಳಿಗೆ ಹೇಳಿದರೆ ‘ನಿನ್ನ ಹಿಂದ ನಾಯಿ ಬಿಟ್ಟಿದ್ರ ಗೊತ್ತಾಗ್ತಿತ್ತು’ ಅಂತಾಳೆ.

2024ರಲ್ಲಿ ಡೆಂಗಿ ಜೋರಾಯ್ತಲ್ಲ, ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಸೊಳ್ಳೆ ಬೆಳೆಯೋಕೆ ಬಿಟ್ಟರೆ ದಂಡ ಅಂತಲೂ ಬಂತು, ಹಳ್ಳಿ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400. ಮತ್ತೆ ಚಿಗವ್ವ ಬಂದಳು. ಈ ಸಲ ಪೆನ್ನು ಹಿಡಿಯೋ ಮೊದಲು ನಾನೇ ಅವಳ ಹಿಂದೆ ಹೊರಟೆ. ಊರಲ್ಲಿ ಎಲ್ಲರೂ ಹೇಳೋದು ಗಟಾರದ ಸೊಳ್ಳೆ ಅಂತ. ಡೆಂಗಿ ಸೊಳ್ಳೆ ಬೆಳೆಯೋದು ಮನೆಯೊಳಗೆ ಜೋಪಾನವಾಗಿ ಇಟ್ಟ ನಿಂತ ನೀರಿನಲ್ಲಿ, ಕಚ್ಚೋದು ಹಗಲು ಹೊತ್ತಲ್ಲಿ. ನಮ್ಮಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ, ಹಾಗಾಗಿ ಮನೆಗೆ ಮೂರು ನಾಲ್ಕು ಡ್ರಮ್ಮು. ‘ವಾರಕ್ಕೊಂದು ದಿನ ಖಾಲಿ ಮಾಡಿ’ ಅಂದರೆ ಬೈತಾರೆ, ಬೈಯಬೇಕಾದ್ದೇ. ಚೆಲ್ಲಿದ ನೀರು ಯಾರು ಕೊಡ್ತಾರೆ? ಮೇಲೆ ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಸಾಯೋದಿಲ್ಲ, ಮತ್ತೆ ನೀರು ಬಿದ್ದರೆ ಮರಿಯಾಗುತ್ತೆ. ತಿಕ್ಕಲೇಬೇಕು. ಅದಕ್ಕೆ ನಾವು ‘ನೀರ ಬರೂ ಹಿಂದಿನ ದಿನಾ, ತಳದಾಗಿದ್ದಾಗ ಡ್ರಮ್ಮ ತಿಕ್ಕ ತಂಗಿ’ ಅಂತ ಪಲ್ಲ ಮಾಡಿದ್ವಿ.

ತಾತ ಕೇಳಿ, ಉದ್ದಾಯ್ತು ಅಂದರು. ಆದರೂ ಬದಲಾಯಿಸಲಿಲ್ಲ. ಮೈಕಿಗೆ ಕೊಡೋ ಮೊದಲು ಓಣಿಯ ಹುಡುಗರಿಗೆ ಕೊಟ್ಟೆವು. ಎರಡು ದಿನ ಬಿಟ್ಟು ನಾನು ಅಂಗಡಿ ಬಾಗಿಲಲ್ಲಿ ಕೂತು ಕೇಳ್ತಾ ಇದ್ದೆ. ಹುಡುಗರು ಎದುರು ಮನೆಯ ಖಾಲಿ ಡ್ರಮ್ಮು ಬೋರಲು ಹಾಕಿ ಬಡಿಯುತ್ತಿದ್ದರು. ಹಿಂದಿನ ದಿನವೂ ಇಲ್ಲ, ತಳವೂ ಇಲ್ಲ, ತಂಗಿಯೂ ಇಲ್ಲ.

ಡ್ರಮ್ಮ ತಿಕ್ಕ, ಡ್ರಮ್ಮ ತಿಕ್ಕ, ಡ್ರಮ್ಮ ತಿಕ್ಕ.

ಫೋನ್ ಮಾಡಿ ಕೇಳಿಸಿದೆ. ‘ಅಷ್ಟs ಸಾಕು, ಉಳಿದದ್ದ ತಗದ ಹಾಕು’ ಅಂದರು ತಾತ.